ಹನ್ನೆರಡು ಇಂಚಿನ ಚುಕ್ಕಿ

ದಾಳಿಂಬ ಊರಿನ ನೀಲಕಂಠ ಆವತ್ತು ಅವ್ವನ ರೊಟ್ಟಿಗೆ ಟೇಪು ಹಿಡಿಯದಿದ್ದರೆ ಸುಖವಾಗಿ ಉಂಡು ಮಲಗುತ್ತಿದ್ದ. ಆದರೆ ಉಮರ್ಗಾದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನ ಕೈ ಸುಮ್ಮನಿರಬೇಕಲ್ಲ!

ಅವನ ಅವ್ವ ರಂಭಾಬಾಯಿ, ಹೆಂಡತಿ ಮನಿಷಾ ಇಬ್ಬರೂ ಜೋಳದ ಕಡಕ್ ರೊಟ್ಟಿ ಬಡಿದು ಮಾರಲು ಶುರುಮಾಡಿದ್ದರು. ಅಂಗಡಿಯ ಜಗದೇವಪ್ಪ, ರೊಟ್ಟಿ ಒಂದೇ ಅಳತೆಯವಾದರೆ ಮಾತ್ರ ಪಾಕೀಟಿನಲ್ಲಿ ಕೂರುತ್ತವೆ, ಸಂಜೆ ಬಂದು ನೋಡುತ್ತೇನೆ, ಸರಿ ಕಂಡರೆ ವರ್ಷವಿಡೀ ನಿಮ್ಮವೇ ತಗೋತೀನಿ ಎಂದಿದ್ದ.

ನೀಲಕಂಠ ಬೆಳಗಿನ ಬುಟ್ಟಿಯಿಂದ ಒಬ್ಬೊಬ್ಬರ ಇಪ್ಪತ್ತು ರೊಟ್ಟಿ ಅಳೆದು ಎಕ್ಸೆಲ್ಲಿಗೆ ತುಂಬಿದ. ಸಣ್ಣದರಿಂದ ದೊಡ್ಡದಕ್ಕೆ ಸಾಲು ಹಚ್ಚಿ, ನಾಲ್ಕು ಪಾಲು ಮಾಡಿ, ಪಾಲಿನ ಗಡಿಗಳಾದ ಕ್ವಾರ್ಟೈಲ್ ತೆಗೆದು, ನಡುವಿನ ಎರಡು ಪಾಲಿನ ಸುತ್ತ ಡಬ್ಬಿ, ಅದರೊಳಗೆ ನಟ್ಟನಡುವಿನ ಅಳತೆಗೊಂದು ಗೆರೆ ಬರೆಸಿದ. ಅವ್ವನ ಡಬ್ಬಿ ಒಂಬತ್ತರಿಂದ ಹತ್ತು ಇಂಚಿನವರೆಗೆ ಉದ್ದಕ್ಕೆ ನಿಂತಿತು. ಮನಿಷಾಳದು ಕಡ್ಡಿಪೆಟ್ಟಿಗೆಯಷ್ಟು. ಅವ್ವನ ಡಬ್ಬಿಯ ಮೇಲೆ ದೂರದಲ್ಲಿ, ಹನ್ನೆರಡು ಇಂಚಿನ ಹತ್ತಿರ, ಗುಂಪಿಗೆ ಸೇರದ ಒಂದೇ ಒಂದು ರೊಟ್ಟಿಯ ಚುಕ್ಕಿ ಒಂಟಿಯಾಗಿ ಕೂತಿತ್ತು.

ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಕಸ್ತೂರಬಾಯಿ ಇಣುಕಿ ನೋಡಿ, ರಂಭಾಬಾಯಿಯದೇ ದೊಡ್ಡದು ಬಂದಿದೆ ಎಂದು ತೀರ್ಪು ಕೊಟ್ಟಳು. ಅವ್ವ ಹಿಗ್ಗಿದಳು. ಮನಿಷಾ ಹಿಟ್ಟಿನ ಪರಾತ ಸರಿಸಿ ಎದ್ದಳು.

"ಎಂಟ ವರ್ಷ ಆತು ಈ ಮನ್ಯಾಗ ರೊಟ್ಟಿ ಬಡಿಲಿಕತ್ತಿ. ನನಗ ಇಷ್ಟ ಸಣ್ಣ ಡಬ್ಬಿ ಏನ್ರೀ?"

ನೀಲಕಂಠ ಅವಳ ಹಿಂದೆ ಹಿತ್ತಲಿಗೆ ಓಡಿ, ಡಬ್ಬಿ ಸಣ್ಣದಾದಷ್ಟೂ ರೊಟ್ಟಿ ಒಂದೇ ಅಳತೆಯವು, ಕೈ ಪಕ್ಕಾ ಎಂದರ್ಥ, ನೀನೇ ಗೆದ್ದಿದ್ದೀ ಎಂದು ಪಿಸುಗುಟ್ಟಿದ. ಮನಿಷಾ ನಕ್ಕಳು. ಗೋಡೆಯಾಚೆ ಕಸ್ತೂರಬಾಯಿಯ ಕಿವಿ ಇತ್ತು. ಅವನು ಒಳಗೆ ಬರುವಷ್ಟರಲ್ಲಿ ಸುದ್ದಿ ಅವ್ವನಿಗೆ ಮುಟ್ಟಿ, ಅವ್ವ ಬೆಳಗಿನ ಬುಟ್ಟಿಯನ್ನು ಕಸ್ತೂರಬಾಯಿಗೇ ಕೊಟ್ಟುಬಿಟ್ಟು ಕಟ್ಟೆಯ ಮೇಲೆ ರಸ್ತೆಗೆ ಮುಖಮಾಡಿ ಕೂತಿದ್ದಳು. ಹಂಚು ತಣ್ಣಗಾಯಿತು. ಪಾಪ, ನೀಲಕಂಠನ ಮಧ್ಯಾಹ್ನದ ಊಟ ಒಂದು ಹಿಡಿ ಶೇಂಗಾದಲ್ಲೇ ಮುಗಿಯಿತು.

ನಾಲ್ಕಕ್ಕೇ ಬಂದ ಜಗದೇವಪ್ಪನಿಗೆ ಮಾತ್ರ ಚಿತ್ರ ಭಾಳ ಪಸಂದ್ ಬಿತ್ತು. ಎರಡೂ ಡಬ್ಬಿಯೊಳಗಿನ ಗೆರೆಯ ಮೇಲೆ ಬೆರಳಿಟ್ಟ.

"ನಡಕಿನ ಗೆರಿ ಇಬ್ಬರದೂ ಒಂಬತ್ತೂವರಿಗೇ ಅದ ರೀ. ಎಲ್ಲಾ ಇದೇ ಅಳತಿ ಮಾಡ್ರಿ, ಆರ್ಡರ್ ನಿಮ್ಮದ. ಆ ಮ್ಯಾಲಿನ ಚುಕ್ಕಿ ಮಾತ್ರ ನಡಿಯಂಗಿಲ್ಲ."

ನೀಲಕಂಠನೂ ಜೋರಾಗಿ, ನಡಿಯಂಗಿಲ್ಲ, ಬಿಲ್ಕುಲ್ ನಡಿಯಂಗಿಲ್ಲ ಎಂದ. ಗೆರೆ ಒಂದೇ ಎಂದು ಕೇಳಿದ್ದೇ ಅತ್ತೆ ಸೊಸೆ ರಾಜಿಯಾದರು. ಒಟ್ಟಿಗೆ ಒಲೆ ಮುಂದೆ ಕೂತು ಅಚ್ಚಿನಲ್ಲಿ ಒತ್ತಿದ ಹಾಗೆ ಒಂಬತ್ತೂವರೆ ಇಂಚಿನವೇ ಬಡಿದರು. ಜಗದೇವಪ್ಪ ಹತ್ತತ್ತರ ಪಾಕೀಟು ಕಟ್ಟಿಸಿಕೊಂಡು ಹೋದ.

ಗೆದ್ದ ಖುಷಿ, ಮೇಲೆ ಹೊಟ್ಟೆಯ ಹಸಿವು. ನೀಲಕಂಠ ತಾಟಿನ ಮುಂದೆ ಕೂತ. ಪುಂಡಿಪಲ್ಯ ಅರ್ಧ ಉಳಿದಿರುವಾಗಲೇ ರೊಟ್ಟಿ ಮುಗಿದುಹೋಯಿತು.

"ಅವ್ವಾ, ದಿನಾ ಒಂದ ದೊಡ್ಡ ರೊಟ್ಟಿ ಇರ್ತಿತ್ತಲ್ಲ?"

"ಅದ ನಿನ್ನ ಚುಕ್ಕಿ ಆಗಿತ್ತು, ತಮ್ಮಾ," ಎಂದಳು ಅವ್ವ. "ಸಣ್ಣಾಂವ ಇದ್ದಾಗಿಂದ ನಿನ್ನ ಸಲುವಾಗಿ ದಿನಾ ಒಂದು ದೊಡ್ಡದ ಬಡಿತಿದ್ದೆ. ನೀನೇ ನಡಿಯಂಗಿಲ್ಲ ಅಂದಿ."

ಇನ್ನೊಂದು ರೊಟ್ಟಿ ಸಿಗುತ್ತದೇನೋ ಎಂದು ಅವನು ಹೆಂಡತಿಯ ಕಡೆ ನೋಡಿದ. ಉಳಿದದ್ದೆಲ್ಲ ಪಾಕೀಟಿಗೆ ಹೋಯಿತು ಎಂದ ಮನಿಷಾ, ಅವನದೇ ಟೇಪನ್ನು ತಂದು ತಾಟಿನ ಪಕ್ಕ ಇಟ್ಟಳು.