ಗದಿಗೆಪ್ಪನವರ ಬೇಸ್ ಗಿಟಾರು, ನನ್ನ ಕಪ್ಪು ಐದು

ಕೂತುಕೊಳ್ಳಿರಿ, ಹೇಳುತ್ತೇನೆ. ಆದರೆ ನಡುವೆ ಯಾರೂ ನಗಬಾರದು. ಸಿಟ್ಟು ಈಗಾಗಲೇ ನನ್ನ ನೆತ್ತಿಯ ಮೇಲೆ ಕೂತು ಕಾಲಾಡಿಸುತ್ತಿದೆ.

ನಮ್ಮ ಯಜಮಾನರು ಗದಿಗೆಪ್ಪನವರು ಮೂಲತಃ ಒಂದು ತಂತಿಯ ಮನುಷ್ಯ. ವಿಜಾಪುರದ ಕಡೆಯಿಂದ ಮುಂಬಯಿಗೆ ಬಂದಾಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಏಕತಾರಿ. ವಿಕ್ರೋಳಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮೇಲೆ, ಕಾಂದಿವಲಿಯ ನಮ್ಮ ಸೊಸೈಟಿಯಲ್ಲಿ ನಾನು ಕಟ್ಟಿದ ಮಹಿಳಾ ಭಜನಾ ಮಂಡಳಿಗೆ ಅದೇ ಏಕತಾರಿ ಮೀಟುತ್ತ ಮೂಲೆಯಲ್ಲಿ ಕೂತಿರುತ್ತಿದ್ದರು. ಒಂದು ತಂತಿ ಇದ್ದಾಗ ಎಷ್ಟು ಸಭ್ಯರಿದ್ದರು! ನಾಲ್ಕು ತಂತಿ ಬಂದವು ನೋಡಿ, ಮನುಷ್ಯ ಕೆಟ್ಟರು.

ಮಲಾಡಿನ ಅಂಗಡಿಯಿಂದ ರಿಕ್ಷಾದಲ್ಲಿ ಬೇಸ್ ಗಿಟಾರು ಎಂಬ ಆ ವಸ್ತು ಆಗಮಿಸಿತು. ಹೊಸ ಸೊಸೆಯನ್ನು ಇಳಿಸಿಕೊಳ್ಳುವ ಹಾಗೆ ಇಳಿಸಿಕೊಂಡರು. ಹಿಂದೆಯೇ ಅದರ ದನಿ ಹೊರಡಿಸುವ ಕರಿ ಪೆಟ್ಟಿಗೆ (ಸೊಸೆಯ ಜೊತೆ ಬಂದ ಬೀಗಿತ್ತಿ). ತಂತಿಗಳೋ, ಎತ್ತು ಕಟ್ಟುವಷ್ಟು ದಪ್ಪ.

"ಈ ವಯಸ್ಸಿನಾಗ ಇದೇನ್ರೀ?"

"ನಿನ್ನ ಸಲುವಾಗೇ ತಂದೀನಿ."

"ನನ್ನ ಸಲುವಾಗಿ ತರೂದಿದ್ರ ಮಿಕ್ಸರ್ ತರಬೇಕಿತ್ತು!"

ಅಂಗಡಿಯವನು ಶ್ರುತಿ ಮಾಡಿಯೇ ಕೊಟ್ಟಿದ್ದ. ನಮ್ಮವರಿಗೆ ಅದು ಹಿಡಿಸಲಿಲ್ಲ. "ನಾಲ್ಕೂ ತಂತಿ ನಾಲ್ಕು ದಿಕ್ಕಿಗೆ ಮಾರಿ ಮಾಡ್ಯಾವ, ಆಸ್ತಿ ಹಂಚ್ಕೊಂಡ ಅಣ್ತಮ್ಮರ ಹಂಗ" ಎಂದು ಅದರ ಕಿವಿ ಹಿಂಡಿ ಹಿಂಡಿ, ಪ-ಸಾ-ಪ-ಸಾ ಎಂದು ತಂಬೂರಿಯ ಹಾಗೆ ಕೂಡಿಸಿದರು. ಇಳಿಸಿದ ತಂತಿಗಳು ಸಡಿಲಾಗಿ ಹಲಗೆಗೆ ಪಟಪಟ ಬಡಿಯತೊಡಗಿದವು. ಸರಿ, ಇನ್ನೂ ದಪ್ಪನೆಯ ತಂತಿ ಬಂದವು. ಆಮೇಲೆ 'ಟೋನು' ಎಂಬ ತಿರುಗಣಿಯ ಉಪಾಸನೆ. ಅದನ್ನು ಪೂರ್ತಿ ತೆರೆದರೆ ಹಿತ್ತಾಳೆ ಬೋಗಾಣಿ ಮೆಟ್ಟಿಲಿನಿಂದ ಉರುಳಿದ ಸದ್ದು. ಪೂರ್ತಿ ಮುಚ್ಚಿದರೆ ಕಂಬಳಿ ಹೊದ್ದ ಎಮ್ಮೆಯ ನಿಟ್ಟುಸಿರು. ಎರಡರ ನಡುವೆ ನಮ್ಮವರ ಮೋಕ್ಷವಿತ್ತು. ಅದನ್ನು ಹುಡುಕುತ್ತ ಒಂದು ಬೆಳಿಗ್ಗೆ ನನ್ನ ಹೊಸ ಸ್ಪಂಜನ್ನು ಕತ್ತರಿಸಿ ತಂತಿಗಳ ಬುಡಕ್ಕೆ ತುರುಕಿದರು.

"ಹಿಂಗ ಮಾಡಿದ್ರ ಟೋನು ಮೆತ್ತಗಾಗ್ತದ, ಥೇಟ್ ಏಕತಾರಿ."

"ನಾ ಭಾಂಡೆ ಯಾತರ್ಲೆ ತಿಕ್ಕಲಿ? ನಿಮ್ಮ ಟೋನಿನ್ಲೆ?"

ಅವರು ಕೆಳಗಿನ ತಂತಿ ಮೀಟಿದರೆ ನಮ್ಮ ಅಡಿಗೆಮನೆಯ ಡಬ್ಬಿಗಳು ಒಂದರ ಕಿವಿಯಲ್ಲೊಂದು ಪಿಸುಗುಡುತ್ತಿದ್ದವು. ಕೆಳಗಿನ ಮನೆಯ ನೀಲಾವತಿ (ಉಡುಪಿಯವರು, ಗಂಡನಿಗೆ ಸ್ಟೇಷನ್ನಿನ ಎದುರು ಹೋಟೆಲು) ಮೆಟ್ಟಿಲು ಹತ್ತಿ ಬಂದೇ ಬಿಟ್ಟರು.

"ಎಂಥದು ಮಾರಾಯ್ರೇ ಇದು? ನಾನು ಭೂಕಂಪ ಅಂತ ಗ್ಯಾಸ್ ಬಂದ್ ಮಾಡಿದೆ!"

"ಭೂಕಂಪ ಆಗಿದ್ರ ಚಲೋ ಇತ್ತವ್ವಾ, ಒಂದು ಸಲ ಬಂದು ಹೋಗ್ತಿತ್ತು" ಅಂದೆ.

ಇಷ್ಟನ್ನೂ ನುಂಗಿಕೊಂಡೆ. ನುಂಗಲಾರದ್ದು ಮುಂದೆ ಬಂತು.

ಮಲಾಡಿನ ಕನ್ನಡ ಸಂಘದವರು ಶ್ರಾವಣದ ಭಜನಾ ಸ್ಪರ್ಧೆ ಇಟ್ಟಿದ್ದರು. ಮಂಡಳಿಯಲ್ಲಿ ಮುಂದಾಗಿ ಹಾಡುವವಳು ನಾನು. ಉಳಿದವರು ನನ್ನ ಹಿಂದೆ ಸೊಲ್ಲು ಹಿಡಿಯುವವರು. ಆ ಜಾಗ ನನಗೆ ಯಾರೂ ದಾನ ಕೊಟ್ಟದ್ದಲ್ಲ. ನನ್ನದು ಕಪ್ಪು ಐದರ ಶ್ರುತಿ! ಹಾರ್ಮೋನಿಯಂ ಪೇಟಿಯ ಐದನೆಯ ಕಪ್ಪು ಮನೆ ಒತ್ತಿ, ಅಲ್ಲಿಂದ ಸಾ ಹಿಡಿದು ಹಾಡುತ್ತೇನೆಂದರೆ ದೊಡ್ಡ ದೊಡ್ಡವರ ಹುಬ್ಬು ಮೇಲೇರುತ್ತಿದ್ದವು. ನಮ್ಮ ಕಡೆ ಹೆಣ್ಣುಮಗಳ ದನಿಯನ್ನು ಹಾಗೆಯೇ ಅಳೆಯುವುದು, ಅಂಕೆ ಏರಿದಷ್ಟೂ ದನಿ ಎತ್ತರ.

ತಾಲೀಮಿನ ದಿನ ನಮ್ಮ ಮಂಡಳಿಯ ವಿನೋದಿನಿ ಶ್ರುತಿ ಅಳೆಯುವ ಫೋನು ಹಿಡಿದು ನನ್ನ ಮುಂದೆ ನಿಂತಳು. ಮುಂಬಯಿಯಲ್ಲೇ ಹುಟ್ಟಿದವಳು, ಕನ್ನಡದ ಮೇಲೆ ಕುಂಟಾಬಿಲ್ಲೆ ಆಡುತ್ತ ನಡೆಯುವವಳು, ಆದರೆ ಕಂಠ ಗಂಟೆಯಂಥದ್ದು.

"ಕಾಶಕ್ಕಾ, ಯೇ ಟ್ಯೂನರ್ ಕಪ್ಪು ಐದು ತೋರಿಸ್ತಾ ಇಲ್ಲ. ಕಪ್ಪು ಮೂರು ಅಂತಿದೆ."

"ನಿನ್ನ ಫೋನಿಗೆ ಥಂಡಿ ಆಗಿರಬೇಕು."

"ಟ್ಯೂನರ್ ಝೂಟ್ ನಹೀ ಬೋಲ್ತಾ, ಕಾಶಕ್ಕಾ. ಸ್ಪರ್ಧೇಲಿ ಕಪ್ಪು ಐದು ಆಗಲ್ಲ ಅಂದ್ರೆ ನಾನು ಲೀಡ್ ಮಾಡ್ತೀನಿ ನಾ? ಟೆನ್ಷನ್ ಮತ್ ಲೋ."

ಟೆನ್ಷನ್ ತೊಗೋಬಾರದಂತೆ! ಅವಳು ಹೋದ ಕೂಡಲೇ ಗಿಟಾರಿನ ಕುತ್ತಿಗೆ ಹಿಡಿದೆ. ಯಜಮಾನರು ತಮ್ಮ ಕುತ್ತಿಗೆ ಮುಟ್ಟಿಕೊಂಡರು.

"ನನ್ನ ಶ್ರುತಿ ಯಾರು ಇಳಿಸಿದ್ರು?"

"ಕೂಡು, ನೀರು ಕುಡಿ."

"ಯಾರು ಇಳಿಸಿದ್ರು!"

"ನೀನ. ಎರಡು ವರ್ಷದಿಂದ ಇಳೀಲಿಕತ್ತೀದಿ ಕಾಶೀ. ವಯಸ್ಸಾದಂಗ ದನಿ ಕೆಳಗ ಬರ್ತದ, ತಪ್ಪೇನಿಲ್ಲ. ನಿನಗ ತಿಳೀಬಾರದು ಅಂತ ಕೂದಲೆಳಿಯಷ್ಟ ಏಕತಾರಿ ಸಡಿಲು ಮಾಡಕೋತ ಬಂದೆ. ನೀ ಇಳದಿ, ನಿನ್ನ ಹಿಂದ ನಾ ಇಳದೆ. ಕಡೀಕ ಅದರ ತಂತಿ ಜೋತುಬಿದ್ದು 'ಬೊರ್' ಅಂತು. ಇದಕ್ಕಿಂತ ಕೆಳಗ ಹೋಗೂ ವಾದ್ಯ ಯಾವದೈತಪಾ ಅಂತ ಅಂಗಡ್ಯಾಗ ಕೇಳಿದೆ. ಇದನ್ನ ಕೊಟ್ಟ."

ಕೇಳಿದಿರಾ? ಹೆಂಡತಿಯ ದನಿಯನ್ನು ಎರಡು ವರ್ಷ ಸದ್ದಿಲ್ಲದೆ ಸಾಗಿಸಿದ ಕಳ್ಳಸಾಗಣೆದಾರ, ಅದೂ ನನ್ನ ಕೈಯ ರೊಟ್ಟಿ ತಿನ್ನುತ್ತ!

"ಅಂದ್ರ ಎರಡು ವರ್ಷ ನನ್ನ ಮುಂದ ಸುಳ್ಳು ಹೇಳೀರಿ."

"ನಾ ಎಲ್ಲಿ ಹೇಳೀನಿ? ತಂತಿ ಹೇಳ್ತು."

"ಸ್ಪರ್ಧಾದಾಗ ಕಪ್ಪು ಐದಕ್ಕ ಏರಿಸ್ರಿ. ಇಲ್ಲಾಂದ್ರ ನೀವೂ ನಿಮ್ಮ ಸೊಸಿನೂ ಬಾಲ್ಕನ್ಯಾಗ ಮಲಗ್ರಿ!"

"ಅಷ್ಟು ಬಿಗಿದ್ರ ಹರೀತದ ಕಾಶೀ."

"ಹರೀಲಿ!"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನನಗೆ ಮೂಗು ನೆನೆದು ಅಳುವ ಅನುಕೂಲವೂ ಇರಲಿಲ್ಲ. ಶಾಂತವಾಗುವ ಮಾತೇ ಇರಲಿಲ್ಲವಲ್ಲ.

ಸ್ಪರ್ಧೆಯ ದಿನ ಸಭಾಗೃಹ ತುಂಬಿತ್ತು. ಯಜಮಾನರು ಬಿಳಿ ಟೋಪಿ ಹಾಕಿ, ಧೋತರ ಉಟ್ಟು, ಹೆಗಲಿಗೆ ಬೇಸ್ ಗಿಟಾರು ತೂಗುಹಾಕಿ, ನನ್ನ ಎಡಕ್ಕೆ ಕುಳಿತರು. ತಂತಿಗಳು ಕಪ್ಪು ಐದಕ್ಕೆ ಬಿಗಿದು ಕುಂಯ್‌ಗುಡುತ್ತಿದ್ದವು. ಗುರುವಿನ ಪದ ಎತ್ತಿದೆ. ಪಲ್ಲವಿ ಹೇಗೋ ದಾಟಿತು. ನುಡಿಯಲ್ಲಿ ದನಿ ಮೇಲೇರಬೇಕು, ಏರಿಸಿದೆ. ಹರಿದದ್ದು ತಂತಿಯಲ್ಲ. ಕತ್ತು ಹಿಡಿದ ಕೋಳಿಯ ಕಡೆಯ ಮಾತಿನಂಥದೊಂದು ನನ್ನ ಗಂಟಲಿನಿಂದ ಹೊರಟು ಫ್ಯಾನಿಗೆ ಬಡಿದು ಕೆಳಗೆ ಬಿತ್ತು. ಮುಂದಿನ ಸಾಲಿನ ಕೂಸು ಅಳತೊಡಗಿತು. ವಿನೋದಿನಿ ಸೊಲ್ಲು ಎತ್ತಿಕೊಳ್ಳಲು ಆಗಲೇ ಬಾಯಿ ತೆರೆದಿದ್ದಳು. ಅವಳು ಒಂದು ಅಕ್ಷರ ಹಾಡಿದರೂ ನನ್ನ ಜಾಗ ಹೋಯಿತು.

ಹಲ್ಲು ಕಚ್ಚಿ, ಎಡಕ್ಕೆ ವಾಲಿ, "ಇಳಸ್ರಿ" ಅಂದೆ.

"ಎಷ್ಟ್ ಇಳಸ್ಲಿ?" ಅಂದರು. ಮೈಕು ಅವರ ಮೂಗಿನ ಎದುರೇ ಇತ್ತು. ಮಲಾಡಿಗೆ ಮಲಾಡೇ ಕೇಳಿಸಿಕೊಂಡಿತು.

"ಮೊದಲ ಇಳಸ್ರಿ, ಆಮ್ಯಾಲೆ ಅಳೀರಿ!"

ಬಲಗೈ ಮೀಟುತ್ತಲೇ ಇತ್ತು, ಎಡಗೈ ತಂತಿಯ ಕಿವಿ ತಿರುಗಿಸತೊಡಗಿತು. ನಾದ ಲಿಫ್ಟಿನ ಹಾಗೆ ಕೆಳಗಿಳಿಯಿತು. ಅದನ್ನು ಹಿಡಿದುಕೊಂಡು ನಾನು ಇಳಿದೆ, ನನ್ನ ಸೆರಗು ಹಿಡಿದ ಹಾಗೆ ಮಂಡಳಿಯೂ ಇಳಿಯಿತು. ಇದೊಂದು ಹೊಸ ಗಮಕವೆಂದು ಜನ ಚಪ್ಪಾಳೆ ಹೊಡೆದರು. ಕಪ್ಪು ಮೂರು ದಾಟಿ, ಇನ್ನೂ ಕೆಳಗೆ, ಕಪ್ಪು ಎರಡಕ್ಕೆ ಬಂದಾಗ (ಅದು ಗಂಡಸರ ಶ್ರುತಿ, ನನಗೆ ಗೊತ್ತಿದೆ, ಯಾರೂ ಹೇಳಬೇಕಿಲ್ಲ) ನನ್ನ ದನಿ ಕೆರೆಗಿಳಿದ ಎಮ್ಮೆಯ ಹಾಗೆ ಸುಖವಾಗಿ ಮಲಗಿತು. ಸ್ಪಂಜಿನ ಮೆತ್ತನೆಯ ನಾದ ಕೆಳಗೆ, ನಾನು ಮೇಲೆ. ಹಾಡಿದೆ ನೋಡಿ! ಸಿಟ್ಟೆಲ್ಲ ದನಿಯಾಗಿ ಹೊರಬಂತು. ಅಳುತ್ತಿದ್ದ ಕೂಸು ಬಾಯಿ ಮುಚ್ಚಿತು.

ಬಹುಮಾನದ ಕಪ್ಪು ನಮಗೇ ಎಂದು ಕೂತಿದ್ದಾಗ ಎದುರಿನ ಮಂಡಳಿಯವರು ತಕರಾರು ಎತ್ತಿದರು. ಮಹಿಳಾ ವಿಭಾಗದಲ್ಲಿ ಗಂಡಸರು ವಾದ್ಯ ನುಡಿಸಬಹುದು, ಹಾಡುವಂತಿಲ್ಲ. ನಮ್ಮ ಮಂಡಳಿಯಲ್ಲಿ ಒಬ್ಬ ಗಂಡಸು ಹಾಡಿದ್ದಾನಂತೆ! ಕಣ್ಣು ಮುಚ್ಚಿ ಕೇಳುತ್ತಿದ್ದ ತೀರ್ಪುಗಾರರೂ ಹೌದೆಂದು ತಲೆಯಾಡಿಸಿದರು.

"ಯಜಮಾನರೇ, ನಿಮ್ಮ ಕಂಠ ಅಮೋಘ. ಆದರೆ ನಿಯಮ ನಿಯಮವೇ."

ಗದಿಗೆಪ್ಪನವರು ಎದ್ದು ನಿಂತರು. ಅವರಿಗೆ ಅಂಥ ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ.

"ಹಾಡಿದ್ದು ನಾ ಅಲ್ರೀ ಸಾಹೇಬ್ರ! ಆ ಗಂಡಸು ಇವಳು! ನಮ್ಮ ಮನಿಯವಳು!"

ಹೀಗೆ ನನ್ನ ಮಾನ ಕಾಪಾಡಿದರು.

ಪರೀಕ್ಷೆ ಏರ್ಪಟ್ಟಿತು. ಅವರನ್ನು ಗಿಟಾರಿನ ಸಮೇತ ವೇದಿಕೆಯಿಂದ ಕೆಳಗಿಳಿಸಿ, ಬಾಯಿಗೆ ಟೋಪಿ ಒತ್ತಿಕೊಳ್ಳಲು ಹೇಳಿದರು. ತಾಯಿ, ಈಗ ನೀವೊಬ್ಬರೇ ಹಾಡಿ ಅಂದರು. ಮೇಲಿನ ಶ್ರುತಿಯಲ್ಲಿ ಹಾಡಿದರೆ ಹೆಣ್ಣುದನಿ ಅನ್ನಿಸಿಕೊಳ್ಳುತ್ತೇನೆ, ಆದರೆ ಆ ಕೆಳಗಿನ ದನಿ ಇವರದೇ ಎಂದಾಗಿ ಕಪ್ಪು ಹೋಗುತ್ತದೆ. ಕೆಳಗೆ ಹಾಡಿದರೆ ಕಪ್ಪು ಬರುತ್ತದೆ, ಉಳಿದದ್ದು ಹೋಗುತ್ತದೆ. ವಿನೋದಿನಿಯ ಕಡೆ ಒಮ್ಮೆ ನೋಡಿದೆ. ಹೊಟ್ಟೆಯ ಬುಡದಿಂದ ಎಳೆದು, ಕಪ್ಪು ಎರಡಕ್ಕಿಂತಲೂ ಕೆಳಗೆ ಹೋಗಿ ಹಾಡಿದೆ. ಕಿಟಕಿಯ ಗಾಜು ನಡುಗಿತು. ತೀರ್ಪುಗಾರರು ಕೈ ಮುಗಿದು ತಕರಾರು ತಳ್ಳಿಹಾಕಿದರು.

ಕಪ್ಪು ಕೈಗೆ ಬಂತು. ವಿನೋದಿನಿ ಕಾಲಿಗೆ ಬಿದ್ದು, "ಲೀಡ್ ನೀವೇ ಕರೋ, ಕಾಶಕ್ಕಾ" ಅಂದಳು. ಗೆದ್ದೆನೆಂದು ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ ನೀಲಾವತಿ ಜನರನ್ನು ಸೀಳಿಕೊಂಡು ಬಂದು ನನ್ನ ಎರಡೂ ಕೈ ಹಿಡಿದರು.

"ಕಾಶಕ್ಕಾ, ಇಲ್ಲ ಅನ್ಬೇಡಿ ಮಾರಾಯ್ರೇ. ನಮ್ಮ ಹೆಂಗಸರ ಯಕ್ಷಗಾನಕ್ಕೆ ದೇವಿ ಸಿಕ್ಕಿದ್ದಾಳೆ, ದೇವತೆಗಳು ಬೇಕಾದಷ್ಟು ಇದ್ದಾರೆ. ಮಹಿಷಾಸುರನೇ ಸಿಕ್ಕಿರಲಿಲ್ಲ!"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ತಮ್ಮ ಬಾಯಿಂದ ಟೋಪಿ ತೆಗೆದರು. "ಕರಕೊಂಡು ಹೋಗ್ರಿ ಅವ್ವಾರ. ಬಣ್ಣಾನೂ ಹಚ್ಚೂದು ಬ್ಯಾಡ."

"ಏನಂದ್ರೀ?" ಎಂದು ನಾನು ಗರ್ಜಿಸಿದೆ.

ನೀಲಾವತಿ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು: "ಇದೇ, ಇದೇ! ಪ್ರವೇಶಕ್ಕೆ ಹೀಗೇ ಬರಬೇಕು!"