ಬೈಗುಳ ಹುಡುಕುತ್ತ ಭಾಷೆ ಕಲಿತ ಮಾಮಾ

ನಮ್ಮ ಸೋದರಮಾಮಾ ಆರು ಭಾಷೆ ಬಲ್ಲ. ದೊಡ್ಡ ಪಂಡಿತ ಎಂದುಕೊಂಡಿರಾ? ಛೇ, ಬಿಡಿ! ಶಾಲೆಗೆ ಅವನು ಮುಖ ತೋರಿಸಿದ್ದೇ ಕಡಿಮೆ. ಅವನಿಗೆ ಭಾಷೆ ಕಲಿಸಿದ್ದು ಬರೀ ಸಂಶಯ!

ದಾಂಡೇಲಿಯಲ್ಲಿ ಕಾಗದದ ಮಿಲ್ ಶುರುವಾದ ಮೇಲೆ ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಜನ ಬಂದರು. ನಮ್ಮ ಓಣಿ ತುಂಬ ಅವರೇ. ಒಂದು ಮನೆಯಲ್ಲಿ ಮರಾಠಿ, ಪಕ್ಕದಲ್ಲಿ ತೆಲುಗು, ಎದುರಿಗೆ ಮಲಯಾಳಂ, ಮೂಲೆಯಲ್ಲಿ ಕೊಂಕಣಿ, ಅದರಾಚೆ ಉರ್ದು. ನಳದ ಮುಂದೆ ಕೊಡ ಇಟ್ಟು ಎಲ್ಲರೂ ತಂತಮ್ಮ ಭಾಷೆಯಲ್ಲೇ ಜಗಳಾಡುತ್ತಾರೆ. ಧಾರವಾಡದ ಕಡೆಯಿಂದ ಬಂದ ಮಾಮಾನ ತಲೆಯಲ್ಲಿ ಒಂದೇ ಹುಳ: ತನಗೆ ತಿಳಿಯದ ಭಾಷೆಯಲ್ಲಿ ಯಾರಾದರೂ ನಕ್ಕರೆ, ಅದು ತನ್ನನ್ನು ಆಡಿಕೊಂಡೇ!

"ಆ ಮೀನಿನಾಕಿ ನನ್ನ ನೋಡಿ ಏನೋ ಅಂದ್ಳು ನೋಡು. ಬಿಡಾಂಗಿಲ್ಲ ನಾ!" ಎಂದವನೇ ಜೋಯಿಡಾ ಕಡೆಯ ಗೆಳೆಯನ ಬೆನ್ನು ಬಿದ್ದು ಕೊಂಕಣಿ ಕಲಿತ. ಕಲಿತು ಕೇಳಿದರೆ, ಆಕೆ ಪಾಪ ತನ್ನ ಮೊಣಕಾಲು ನೋವಿಗೆ ಗೊಣಗುತ್ತಿದ್ದಳು. ಮಲಯಾಳಂ ಕಲಿಯಲು ಚಹಾದಂಗಡಿಯಲ್ಲೇ ಠಿಕಾಣಿ ಹೂಡಿದ. ಅಂಗಡಿಯವನು ಬೈಯುತ್ತಿದ್ದದ್ದು ಒಡೆದ ಹಾಲಿಗೆ! ಮಾಮಾನ ಮುಖ ಎಷ್ಟು ಸಪ್ಪಗಾಯಿತು ಅಂತೀರಿ!

"ಮಾಮಾ, ಇಷ್ಟೆಲ್ಲಾ ಕಲ್ತಿ. ಯಾರರ ನಿನ್ನ ಬೈದಾರೇನು?" ಎಂದು ಕೇಳಿದೆ.

"ಇಲ್ಲ. ನನಗ ತಿಳೀತೈತಿ ಅಂತ ಅವರಿಗೆ ಗೊತ್ತಾಗೈತಿ. ಭಾಳ ಹುಷಾರ್ ಮಂದಿ!"

ಇಂಥವನಿಗೆ ಏನು ಹೇಳುತ್ತೀರಿ?

ಮೊನ್ನೆ ಎದುರುಮನೆಯ ಮಲಯಾಳಿ ಅಜ್ಜಿ ಹಾಸಿಗೆ ಹಿಡಿದಳು. ಮಗ ಹಳಿಯಾಳದ ಕನ್ನಡದ ಹುಡುಗಿಯನ್ನು ಮೆಚ್ಚಿ ಮದುವೆಯಾದಂದಿನಿಂದ ಸೊಸೆಯ ಜೊತೆ ಮಾತು ಬಿಟ್ಟವಳು. ಈಗ ಮಗ ಪಾಳಿಗೆ ಹೋದರೆ ನೋಡಿಕೊಳ್ಳುವವಳು ಅದೇ ಸೊಸೆ. ಜ್ವರ ತಲೆಗೇರಿ ಅಜ್ಜಿಗೆ ಕನ್ನಡವೇ ಮರೆತುಹೋಗಿತ್ತು. ತನ್ನ ಭಾಷೆಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಅನ್ನುತ್ತಿದ್ದಳು. ಸೊಸೆ ಅಳುತ್ತ ನಮ್ಮ ಬಾಗಿಲಿಗೆ ಬಂದಳು.

"ಕಾಕಾ, ಸ್ವಲ್ಪ ಬರ್ರಿ. ಇಂಥಾ ಹೊತ್ತಿನ್ಯಾಗೂ ನನ್ನ ಬೈಯಾಕತ್ತಾರೇನ್ರಿ? ಇದ್ದದ್ದು ಇದ್ದಂಗ ಹೇಳ್ರಿ."

ಮಾಮಾನಿಗೂ ಅದೇ ಸಂಶಯ. ನಾನೂ ಜೊತೆಗೆ ಹೋದೆ. ಅವನು ಹಾಸಿಗೆಯ ಹತ್ತಿರ ಬಗ್ಗಿ ಕಿವಿಗೊಟ್ಟ. ಆಮೇಲೆ ತಲೆ ಎತ್ತಿ ಸೊಸೆಯ ಕಡೆ ತಿರುಗಿದ.

"'ನನ್ನ ಮಗಳು ಉಂಡ್ಲೇನು' ಅಂತ ಕೇಳಾಕತ್ತಾರವಾ."

"ಅವರಿಗೆ ಮಗಳ ಇಲ್ಲಲ್ರಿ ಕಾಕಾ!"

"ನಿನ್ನ ಕಡೆ ಕೈ ಮಾಡಿ ಕೇಳಾಕತ್ತಾರ, ಹುಚ್ಚಿ."

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಸಿದು ಕೂತಳು. ಮುಂಜಾನೆಯಿಂದ ಆಕೆ ಏನೂ ತಿಂದಿರಲಿಲ್ಲ. ಮಾಮಾ ತಾನೇ ಅಡುಗೆಮನೆಗೆ ಹೋಗಿ, ತಟ್ಟೆಗೆ ಅನ್ನ ಹಾಕಿ ತಂದು, ಅವಳ ಕೈಗೆ ಕೊಟ್ಟ.

"ಮೊದಲ ಉಣ್ಣವಾ. ಉಂಡ್ಲು ಅಂತ ಅವರಿಗೆ ಹೇಳಬೇಕು ನಾ."