ರೇಷ್ಮೆ ಆ್ಯಪಿಗೆ ಕನ್ನ ಬಿದ್ದ ಕಥೆ

ಸಣ್ಣ ಕಂಪನಿಗಳಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ ಎಂದು ಈಗ ಎಲ್ಲರೂ ಸಮಾಧಾನ ಹೇಳುತ್ತಾರೆ. ನಮ್ಮಲ್ಲಿ ನಡೆದಷ್ಟು ಬೇರೆಲ್ಲೂ ನಡೆದಿರಲಾರದು. ಶಿಡ್ಲಘಟ್ಟದ ಬೇಕರಿಯೊಂದರ ಮಹಡಿಯಲ್ಲಿ ಒಬ್ಬ ಇಂಜಿನಿಯರ್ ಹುಡುಗ ರೇಷ್ಮೆ ಬೆಳೆಗಾರರಿಗೆಂದು ಆ್ಯಪ್ ಮಾಡಿದ್ದ. ಹುಳ ಯಾವ ಹಂತದಲ್ಲಿದೆ ಎಂದು ಬರೆದರೆ ಸೊಪ್ಪು ಎಷ್ಟು ಹಾಕಬೇಕು, ಗೂಡು ಯಾವಾಗ ಬಿಡಿಸಬೇಕು ಎಂದು ಅದು ಹೇಳುತ್ತಿತ್ತು. ಅಲ್ಲಿ ಬರುವ ಫೋನ್ ಎತ್ತುವುದು ನನ್ನ ಕೆಲಸ. ಆ ಹುಡುಗನೇ ಕಂಪನಿಯ ಯಜಮಾನ, ನನ್ನನ್ನು ಅಕ್ಕ ಅನ್ನುತ್ತಿದ್ದ. ಆ ಕಂಪನಿ ಉಳಿಯಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಪಾಸ್‌ವರ್ಡಿಗೂ ಪೂಜೆ

ಆಯುಧಪೂಜೆಯ ದಿನ ಕಂಪ್ಯೂಟರುಗಳಿಗೆ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದು, ಎಲ್ಲರೂ ನಿಂತು ಫೋಟೊ ತೆಗೆಸಿಕೊಂಡೆವು. ಯಜಮಾನ ಅದನ್ನು ಸ್ಟೇಟಸ್ಸಿಗೆ ಹಾಕಿದ. ಹಿಂದಿನ ಬೋರ್ಡಿನಲ್ಲಿ ಸರ್ವರಿನ ಪಾಸ್‌ವರ್ಡ್ ದಪ್ಪಕ್ಷರದಲ್ಲಿತ್ತು, ಸುತ್ತ ಚೆಂಡುಹೂವಿನ ಹಾರ ಬೇರೆ.

"ಪಾಸ್‌ವರ್ಡ್ ಕಾಣ್ತಿದೆ ಕಣಪ್ಪ," ಅಂದೆ.

"ಹೌದಲ್ವಾ, ಅಳಿಸಿಬಿಡಿ ಅಕ್ಕ."

ಬೋರ್ಡನ್ನು ಅಳಿಸಿದೆ. ಫೋಟೊ ಮಾರನೆಯ ದಿನದವರೆಗೂ ಹಾಗೇ ಇತ್ತು. ಪಾಸ್‌ವರ್ಡ್ ಬದಲಾಯಿಸು ಅಂದರೆ "ಹಬ್ಬ ಮುಗೀಲಿ" ಅಂದ. ದೀಪಾವಳಿಯೂ ಮುಗಿಯಿತು.

ಪಾಠ ಚೆನ್ನಾಗಿತ್ತು

ಗೌರಿಬಿದನೂರಿನ ಕಡೆ ಒಂದು ಹಳ್ಳಿಯಲ್ಲಿ ಬೆಳೆಗಾರರನ್ನು ಕೂರಿಸಿ, ಒಟಿಪಿಯನ್ನು ಹೆತ್ತ ತಾಯಿ ಕೇಳಿದರೂ ಹೇಳಬಾರದು ಎಂದು ಯಜಮಾನ ಗಂಟಲು ಹರಿಯುವಂತೆ ಪಾಠ ಮಾಡಿದ. ಆಮೇಲೆ ಲ್ಯಾಪ್‌ಟಾಪ್ ತೆರೆದು ಅವರನ್ನೆಲ್ಲ ಆ್ಯಪಿಗೆ ಸೇರಿಸಲು ಕೂತ.

"ನಿಮ್ಮ ಫೋನಿಗೆ ಒಟಿಪಿ ಬಂತಲ್ಲ ತಾತ, ಹೇಳಿ."

ತಾತ ಫೋನನ್ನು ಜೇಬಿಗೆ ಇಳಿಸಿದರು. "ನಮ್ಮಮ್ಮನಿಗೇ ಹೇಳ್ಬಾರ್ದು ಅಂದ್ಯಲ್ಲಪ್ಪ, ನಿಂಗ್ಯಾಕೆ ಹೇಳ್ಲಿ?"

ಉಳಿದವರೂ ಬಾಯಿ ಬಿಡಲಿಲ್ಲ. ನಮ್ಮ ನಿಯಮವನ್ನು ಪೂರ್ತಿ ಪಾಲಿಸಿದವರು ಆ ಊರಿನವರು ಮಾತ್ರ, ಅವರಲ್ಲಿ ಒಬ್ಬರೂ ನಮ್ಮ ಗಿರಾಕಿಗಳಾಗಲಿಲ್ಲ.

ಎರಡನೇ ಕಾಪಿ

ಒಂದು ಬೆಳಿಗ್ಗೆ ಯಾವ ಫೈಲೂ ತೆರೆಯಲಿಲ್ಲ. ಬೆಳೆಗಾರರ ಹೆಸರು, ನಂಬರು, ಹುಳದ ವಿವರ ಎಲ್ಲ ತನ್ನ ಹತ್ತಿರ ಇದೆ ಎಂದು ಯಾವನೋ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದ.

"ಇನ್ನೊಂದು ಕಾಪಿ ಇತ್ತಲ್ಲ?" ಅಂದೆ.

ಯಜಮಾನ ಅದೇ ಕಂಪ್ಯೂಟರಿಗೆ ಸಿಕ್ಕಿಸಿದ್ದ ಹಾರ್ಡ್ ಡಿಸ್ಕ್ ತೋರಿಸಿದ. ಅದಕ್ಕೂ ಬೀಗ ಬಿದ್ದಿತ್ತು. "ಬೇರೆ ಕಡೆ ಇಟ್ರೆ ಕಳೆದುಹೋಗುತ್ತೆ ಅಂತ ಇಲ್ಲೇ ಇಟ್ಟಿದ್ದೆ ಅಕ್ಕ."

ಕಳೆದುಹೋಗಿರಲಿಲ್ಲ, ಅದು ನಿಜ. ಬಂದ ನಗುವನ್ನು ಅವನ ಮುಖ ನೋಡಿ ನುಂಗಿಕೊಂಡೆ.

ಒಳ್ಳೇ ಹುಡುಗ

ಇನ್ನು ಬೆಳೆಗಾರರು ನಂಬಿ ಉಳಿದರೆ ಮಾತ್ರ ಕಂಪನಿ. ನನ್ನ ಫೋನಿನಲ್ಲಿದ್ದ ನಂಬರುಗಳಿಗೆ ಕರೆ ಮಾಡಿ ಎಚ್ಚರಿಸಲು ಕೂತೆ. ಶುರುವಿನಿಂದ ನಮ್ಮ ಜೊತೆಗಿದ್ದ ಚಿಂತಾಮಣಿ ಕಡೆಯ ಒಬ್ಬ ತಾಯಿ ಎತ್ತಿದರು.

"ಅಮ್ಮ, ನಿಮ್ಮ ವಿವರ ಎಲ್ಲ ಕಳುವಾಗಿದೆ. ಕಂಪನಿ ಹೆಸರಲ್ಲಿ ಯಾರಾದ್ರೂ ಫೋನ್ ಮಾಡಿ ಒಟಿಪಿ ಕೇಳಿದ್ರೆ ಹೇಳ್ಬೇಡಿ."

"ನಿನ್ನೇನೇ ಮಾಡಿದ್ನಲ್ಲಮ್ಮ. ಒಳ್ಳೇ ಹುಡುಗ. ಹುಳ ನಾಲ್ಕನೇ ಜ್ವರದಿಂದ ಎದ್ದಿದ್ಯಾ, ಸೊಪ್ಪು ಸಾಕಾಗ್ತಿದ್ಯಾ ಅಂತೆಲ್ಲ ವಿಚಾರಿಸ್ದ. ಆಮೇಲೆ ಒಟಿಪಿ ಕೇಳ್ದ."

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ವಿವರ ಇದ್ದದ್ದು ನಮ್ಮ ಆ್ಯಪಿನಲ್ಲಿ.

"ಹೇಳಿಬಿಟ್ರಾ ಅಮ್ಮ?"

"ಇಲ್ಲಮ್ಮ. ಇಷ್ಟು ದಿನದಲ್ಲಿ ನಿಮ್ಮ ಕಂಪನಿಯವರು ಯಾರಾದ್ರೂ ಹುಳ ಹೆಂಗಿದೆ ಅಂತ ಒಂದು ಫೋನ್ ಮಾಡಿದ್ದುಂಟಾ? ಅವನು ಕೇಳಿದ ತಕ್ಷಣ ಗೊತ್ತಾಯ್ತು, ಇವನು ನಿಮ್ಮವನಲ್ಲ ಅಂತ."